ಅಪ್ಪ ಅನ್ನೋ ಪದಕ್ಕೆ ಕೆಂಪು ನೆರಳು

ಈ ಬೀದೀಲಿ ಬೋರ್ಡುಗಳಿದಾವಲ್ಲ, ಔಷಧಿ ಅಂಗಡೀದು, ಚಪ್ಪಲಿ ಅಂಗಡೀದು, ಹಲ್ಲಿನ ಡಾಕ್ಟರದು, ಅಷ್ಟೂ ನಾನು ಓದಿ 'ಸರಿ' ಅಂದ ಮೇಲೇ ಗೋಡೆ ಹತ್ತಿದ್ದು. ನಾನು ಓದದೇ ಇರೋ ಒಂದಕ್ಷರಾನೂ ಈ ಊರಲ್ಲಿ ನೇತಾಡೋ ಹಾಗಿಲ್ಲ. ಆಯ್ತು, ಆಯ್ತು, ಹಂಗೆ ಹುಬ್ಬು ಹಾರಿಸ್ಬೇಡಿ. ಅರ್ಧ ಸುಳ್ಳು. ನಾನು ಓದಿರೋದು ಮೂರನೇ ಕ್ಲಾಸು, ಅದನ್ನ ಎರಡು ಸಲ ಓದಿದೀನಿ, ಕೂಡಿದ್ರೆ ಆರನೇ ಕ್ಲಾಸು ಆಯ್ತಲ್ಲ. ಈ ಬೋರ್ಡು ಓದೋ ನೌಕರಿ ನನಗೆ ಸಿಕ್ಕಿದ್ದು ಹೋದ ವರ್ಷ. ಅದಕ್ಕೂ ಮುಂಚೆ ಹದಿಮೂರು ವರ್ಷ ಓದಿದ್ದು ನಮ್ಮ ಗೋಡೆ ಆಚೆ ಮನೆ ಹುಡುಗಿ, ಬೋರ್ಡು ಬರಿಯೋನ ಮಗಳು. ಅವಳ ಕೈಯಿಂದ ಈ ಕೆಲಸ ಈ ಮುದುಕಿ ಕೈಗೆ ಹ್ಯಾಗೆ ಬಂತು ಅನ್ನೋದು ಒಂದೇ ಮಧ್ಯಾಹ್ನದ ಕಥೆ. ಅರ್ಧ ಗೋಡೆ ತೂರಿ ನನ್ನ ಕಿವಿಗೆ ಬಿದ್ದಿದ್ದು, ಇನ್ನರ್ಧ ಅವಳೇ ನನ್ನ ಮೆಟ್ಟಿಲ ಮೇಲೆ ಕೂತು ಉಗುರು ಕಚ್ತಾ ಹೇಳಿದ್ದು.

ಆವತ್ತು ಮಧ್ಯಾಹ್ನ ಹುಡುಗಿ ಕಾಲೇಜಿನ ಎರಡನೇ ಮಹಡೀಲಿ ಕಂಬಿ ಹಿಡ್ಕೊಂಡು ಕೆಳಗೆ ನೋಡ್ತಾ ನಿಂತಿದ್ಲು. ಕೆಳಗೆ, ಮೆಟ್ಟಿಲು ಶುರುವಾಗೋ ಕಡೆ ಒಂದು ದೊಡ್ಡ ಬಿಳಿ ಗೋಡೆ, ಗೋಡೆಗೆ ಒರಗಿದ ಏಣಿ, ಏಣಿ ಮೇಲೆ ಅವಳಪ್ಪ. ಮೇಲಿಂದ ನೋಡಿದ್ರೆ ಅವನ ನೆತ್ತಿ ಕಾಣುತ್ತೆ, ನಡುವೆ ಕೂದಲು ಉದುರಿ ಒಂದು ಕಾಸಿನಗಲ ಬೋಳಾಗಿರೋದು ಕಾಣುತ್ತೆ. ಹುಟ್ಟಿದಾಗಿಂದ ನೋಡಿರೋ ತಲೆ, ಆದ್ರೆ ಆ ಬೋಳು ಅವಳಿಗೆ ಕಂಡಿದ್ದು ಆವತ್ತೇ. ಯಾಕಂದ್ರೆ ಅಷ್ಟು ವರ್ಷವೂ ಅವನು ಏಣಿ ಮೇಲೆ, ಅವಳು ಕೆಳಗೆ, ರಸ್ತೆಯ ಆ ಬದೀಲಿ. ಅದು ಅವರಿಬ್ಬರ ಕಟ್ಟಳೆ. ಬೋರ್ಡು ಮುಗಿದ ಕೂಡಲೇ, ಬಣ್ಣ ಒಣಗೋದ್ರೊಳಗೆ, ಅಪ್ಪ ಏಣಿ ಇಳಿದು ರಸ್ತೆ ದಾಟಿ ಅವಳ ಪಕ್ಕ ಬಂದು ನಿಂತ್ಕೋಬೇಕು, 'ಓದಮ್ಮ' ಅನ್ಬೇಕು, ಅವಳು ಗಟ್ಟಿಯಾಗಿ ಓದ್ಬೇಕು. ಅಂಗಡಿಯವರು ನಗ್ತಿದ್ರು, ಎಷ್ಟು ಮುದ್ದಪ್ಪಾ ಮಗಳ ಮೇಲೆ, ಅವಳು ಹೇಳದೆ ಕೂಲಿ ಕೂಡ ಇಸ್ಕೊಳಲ್ಲ ಅಂತ. ಮುದ್ದೂ ಅಲ್ಲ, ಮಣ್ಣೂ ಅಲ್ಲ. ಊರಿಗೆಲ್ಲ ಅಕ್ಷರ ಬರಿಯೋ ಅವನಿಗೆ ಓದೋಕೆ ಬರ್ತಿರಲಿಲ್ಲ.

ನಂಬಲ್ವಾ? ನಾನೂ ನಂಬಿರಲಿಲ್ಲ. ಮದುವೆಮನೆ ಅಡುಗೆಯವನಿಗೆ ನಾಲಿಗೆ ಇಲ್ಲ ಅಂದ ಹಾಗೆ. ಆದ್ರೆ ಆ ಕೆಲಸಕ್ಕೆ ಓದು ಬೇಕಾಗಿಲ್ಲ, ಕಣ್ಣು ಬೇಕು, ಅಳತೆ ಬೇಕು. ಯಾರಾದರೂ ದೊಡ್ಡ ಹಾಳೆ ಮೇಲೆ ಅಕ್ಷರ ಗೀಚಿ ಕೊಟ್ರೆ ಅದರ ಅಂಚಿನ ಉದ್ದಕ್ಕೂ ಸೂಜೀಲಿ ತೂತು ಹೊಡೀತಾನೆ, ಹಾಳೇನ ಗೋಡೆಗೆ ಹಚ್ಚಿ ಇದ್ದಿಲ ಪುಡಿ ತುಂಬಿದ ಬಟ್ಟೆಗಂಟಲ್ಲಿ ತಟ್ತಾನೆ, ಹಾಳೆ ತೆಗೆದ್ರೆ ಗೋಡೆ ಮೇಲೆ ಇರುವೆ ಸಾಲು ಹೊರಟ ಹಾಗೆ ಚುಕ್ಕಿ. ಆಮೇಲೆ ಕುಂಚ ಇಟ್ಟ ಅಂದ್ರೆ ಬೆಣ್ಣೆಗೆ ಚಾಕು ಇಟ್ಟ ಹಾಗೆ. ಅಕ್ಷರಗಳಿಗೆ ಅವನದೇ ಹೆಸರುಗಳು: ಇವನು ಹೊಟ್ಟೆಯಣ್ಣ, ಇವಳು ಬಸುರಿ, ಇವನು ಬಾಲ ಮಡಚ್ಕೊಂಡೋನು. ಹುಡುಗಿ ನಾಲ್ಕನೇ ವಯಸ್ಸಲ್ಲಿ ಶಾಲೆಗೆ ಹೋದಾಗ ಟೀಚರ್ ಕರಿಹಲಗೆ ತೋರಿಸಿ ಇದೇನು ಅಂದ್ರೆ 'ಬಸುರಿ' ಅಂದಿದ್ಲು. ಹೊರಗೆ ನಿಲ್ಲಿಸಿದ್ರು. ಮನೆಗೆ ಬಂದು ಹೇಳಿದಾಗ ಅಪ್ಪ ನಕ್ಕ, ನಗ್ತಾ ನಗ್ತಾ ಆಚೆ ಹೋಗಿ ಬಹಳ ಹೊತ್ತು ಒಳಗೆ ಬರಲಿಲ್ಲ. ಆಮೇಲೆ ಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದ ಮಾತು ಕಂಬಿ ಹಿಡ್ಕೊಂಡು ನಿಂತ ಅವಳ ಕಿವೀಲಿ ಈಗಲೂ ಇತ್ತು. "ನೋಡು ಮಗಳೇ. ನಮ್ಮಪ್ಪ ಕುಡೀತಾನೆ ಅನ್ನು, ಸುಳ್ಳಾದರೂ ಪರವಾಗಿಲ್ಲ. ನಮ್ಮನೇಲಿ ಒಲೆ ಹಚ್ಚಿಲ್ಲ ಅನ್ನು. ಇದೊಂದು ಮಾತ್ರ ಹೊರಗೆ ಹೇಳ್ಬೇಡ. ಇದೊಂದೇ." ಅವಳಮ್ಮನಿಗೂ ಓದು ಬರಲ್ಲ. ಆಸ್ಪತ್ರೆ ಬಟ್ಟೆ ಒಗೆಯೋ ಆಕೆ, ಬಸ್ಸು ಬಂದ್ರೆ 'ಇದು ಎಲ್ಲಿಗೋಗುತ್ತಪ್ಪಾ, ನಾನು ಹೆಬ್ಬೆಟ್ಟು' ಅಂತ ಬಾಯ್ಬಿಟ್ಟು ಕೇಳ್ತಾಳೆ, ನಾಚಿಕೆ ಇಲ್ಲ. ಗಂಡಸಿಗೆ ಹಾಗಾಗುತ್ತಾ? ಅವನ ಅನ್ನವೇ ಅಕ್ಷರ. ಕಣ್ಣಿಲ್ಲದೋನ ಹತ್ರ ಕನ್ನಡಕ ಯಾರು ಕೊಳ್ತಾರೆ?

ಕೆಳಗೆ ಅಪ್ಪ, ಕೈ ಅಲುಗದ ಹಾಗೆ ಗೋಡೆಗೆ ಅಡ್ಡ ಹಿಡಿದ ಕೋಲಿಗೆ ಮಣಿಕಟ್ಟು ಊರಿ ಎರಡನೇ ಸಾಲು ಎಳೀತಿದ್ದ. ಹಾದುಹೋಗೋ ಹುಡುಗ ಹುಡುಗೀರು ಗೋಡೆ ನೋಡ್ತಾರೆ, ಅವನ ಬೆನ್ನು ನೋಡ್ತಾರೆ, ಮಾತು ನಿಲ್ಲಿಸ್ತಾರೆ. ಹೆಣದ ಮುಂದೆ ಹಾದು ಹೋಗೋರ ಹಾಗೆ ಮೆಲ್ಲಗೆ ಹೆಜ್ಜೆ ಹಾಕ್ತಾರೆ. ಅಪ್ಪ ತಿರುಗಿ ಒಬ್ಬನಿಗೆ ನಕ್ಕು, "ಹುಷಾರಪ್ಪ, ಬಣ್ಣ ಹಸಿ" ಅಂದ. ಆ ಹುಡುಗ ಕೈ ಮುಗಿದು ಹೋದ! ಅಪ್ಪ ಕುಂಚ ಹಿಡ್ಕೊಂಡು ಅವನು ಹೋದ ಕಡೇನೇ ನೋಡ್ತಾ ಉಳಿದ. ಹುಡುಗಿಗೆ ಕಂಬಿ ತಣ್ಣಗೆ ಅನ್ನಿಸ್ತು. ಈ ಕಂಬಿ ಬಿಟ್ರೆ ಬಿದ್ದೇಬಿಡ್ತೀನಿ, ಬಿದ್ರೆ ಅಪ್ಪನ ಬಣ್ಣದ ಡಬ್ಬಿ ಮೇಲೇ ಬೀಳ್ತೀನಿ, ಆಗಲೂ ಅವನು ಮೊದಲು ಗೋಡೆ ನೋಡ್ತಾನೆ, ಅಕ್ಷರ ಕೆಟ್ಟಿತಾ ಅಂತ.

ಶುರುವಾಗಿದ್ದು ಏನಿಂದ ಅಂದ್ರೆ, ನೂರೈವತ್ತು ಅಕ್ಷರದಿಂದ. ಫೋನಲ್ಲಿ ಎಲ್ಲರ ಫೋಟೋ ಕೆಳಗೂ ಎರಡು ಸಾಲು ಇರುತ್ತಂತೆ, ನಾನು ಇಂಥೋಳು ಅಂತ ತಾನೇ ಹೇಳ್ಕೊಳ್ಳೋದು, ಬಯೋ ಅಂತಾರಂತೆ ಅದಕ್ಕೆ. ನಮ್ಮ ಕಾಲದಲ್ಲಿ ನಾವು ಎಂಥೋರು ಅಂತ ಪಕ್ಕದ ಮನೆಯವರು ಹೇಳ್ತಿದ್ರು, ಅದೂ ನಾವಿಲ್ಲದಾಗ. ದೂರದ ಒಂದು ದೊಡ್ಡ ಕಾಲೇಜು ಒಂದೇ ಒಂದು ಸೀಟು ಕೊಡುತ್ತೆ, ಒಂದು ವರ್ಷ ಊಟ ವಸತಿ ಎಲ್ಲಾ ಅವರದೇ, ಆರಿಸೋರು ಮೊದಲು ನೋಡೋದು ನಿಮ್ಮ ಪ್ರೊಫೈಲು ಅಂತ ಮೇಡಂ ಕ್ಲಾಸಲ್ಲಿ ಹೇಳಿದ್ರು. ಎಲ್ಲರೂ ಅಲ್ಲೇ ಕೂತು ಬರೆದ್ರು. ಹುಡುಗಿ ಬರೆದಿದ್ದು 'ಕನಸುಗಾರ್ತಿ, ಪುಸ್ತಕ ಪ್ರೇಮಿ, ಕಲಿಯುವ ಹಂಬಲ'. ಮೇಡಂ ನಲವತ್ತು ಫೋನು ನೋಡಿ ಅವಳ ಫೋನನ್ನ ಮೇಲೆತ್ತಿ ಹಿಡಿದ್ರು. "ಇಲ್ಲಿ ಇಪ್ಪತ್ತೇಳು ಜನ ಕನಸುಗಾರರಿದೀರಿ. ನಿದ್ದೆ ಜಾಸ್ತಿ ಅಂತ ಕಾಣುತ್ತೆ. ಇದನ್ನ ಸೋಪಿನ ಡಬ್ಬಿ ಮೇಲೂ ಬರೀಬಹುದು, ಸೋಪಿಗೂ ಸರಿಹೋಗುತ್ತೆ." ಎಲ್ಲಾ ನಕ್ರು. ಅವಳೂ ನಕ್ಕಳು, ಕಿವಿ ಮಾತ್ರ ಕೆಂಡ. ಮೇಡಂ ಕೆಟ್ಟೋರಲ್ಲ. ಕ್ಲಾಸು ಬಿಟ್ಟ ಮೇಲೆ ಅವಳನ್ನ ಕರೆದು, ಬೆನ್ನ ಮೇಲೆ ಕೈ ಇಟ್ಟು, "ನೋಡೇ, ಎಲ್ಲಿ ನೋಯುತ್ತೋ ಅಲ್ಲಿಂದ ಬರಿ. ನಿನ್ನ ಹತ್ರ ಇದ್ದು ಬೇರೆ ಯಾರ ಹತ್ರಾನೂ ಇಲ್ಲದ್ದೇನು?" ಅಂದ್ರು.

ಬಸ್ಸಲ್ಲಿ ನಿಂತ್ಕೊಂಡೇ ಯೋಚಿಸಿದ್ಲು. ಏನಿದೆ ನನ್ನ ಹತ್ರ? ಹಾಡು ಬರಲ್ಲ, ಓಟ ಬರಲ್ಲ, ಮಾರ್ಕ್ಸು ಇದೆ, ಅದು ಎಲ್ಲರ ಹತ್ರಾನೂ ಇದೆ. ಕಿಟಕಿ ಆಚೆ ಅಪ್ಪ ಬರೆದ ಬೋರ್ಡುಗಳು ಒಂದೊಂದಾಗಿ ಹಾದು ಹೋಗ್ತಿದ್ವು. ಚಪ್ಪಲಿ ಅಂಗಡೀದು ಬಂತು. ಅಲ್ಲಿ ಅವಳಿಗೆ ಒಂಬತ್ತು ವರ್ಷ, ಸಾಹುಕಾರ ಒಂದು ಚೀಟಿ ಚಾಚಿ "ಇದರಲ್ಲಿ ವಿಳಾಸ ಏನಿದೆ ಓದಪ್ಪ, ನನ್ನ ಕನ್ನಡಕ ಒಳಗಿದೆ" ಅಂದಾಗ ಅಪ್ಪ ಜೇಬು ತಡವಿ "ಅಯ್ಯೋ, ನಂದೂ ಮನೇಲೇ ಉಳೀತು" ಅಂದಿದ್ದ. ಅಪ್ಪನಿಗೆ ಕನ್ನಡಕವೇ ಇರಲಿಲ್ಲ. ಸಾಹುಕಾರ ಇವಳ ಮುಖ ನೋಡಿದ. ಇವಳು ಚೀಟಿ ಕಿತ್ಕೊಂಡು ಗಡಗಡ ಓದಿಬಿಟ್ಲು. ದಾರೀಲಿ ಅಪ್ಪ ಒಂದು ಜೊತೆ ಕೆಂಪು ರಿಬ್ಬನ್ ಕೊಡಿಸಿದ. ಲಂಚವೋ, ಬಹುಮಾನವೋ ಅವಳಿಗೆ ಆಗಲೂ ತಿಳೀಲಿಲ್ಲ. ಬಸ್ಸು ಸಿಗ್ನಲ್‌ನಲ್ಲಿ ನಿಂತಾಗ ಹೆಬ್ಬೆಟ್ಟು ತಾನಾಗೇ ಆಡ್ತು. ಬರೆದಳು: 'ಅಪ್ಪ ಸಾವಿರ ಬೋರ್ಡು ಬರೆದ. ಒಂದನ್ನೂ ಓದಲಾರ. ಅವನ ಕಣ್ಣು ನಾನು.' ಎಣಿಸಿದ್ಲು. ಪದಗಳ ಮಧ್ಯದ ಜಾಗವೂ ಲೆಕ್ಕಕ್ಕೆ ಸೇರುತ್ತೆ ಅಂದಿದ್ರು ಮೇಡಂ. ಅದು ಅವಳಿಗೆ ಹೊಸದಾಗಿರಲಿಲ್ಲ. ಅಕ್ಷರಕ್ಕೆ ಅಕ್ಷರ ಅಂಟಿಸ್ಬೇಡ, ನಡುವೆ ಗಾಳಿ ಬಿಡು, ಗಾಳಿಗೂ ಬೆಲೆ ಇದೆ ಅಂತ ಅಪ್ಪ ಹೇಳ್ತಾನೇ ಇದ್ದ. ನೂರೈವತ್ತು ಕೊಟ್ಟಿದ್ರು, ಕೊಂಬು ಒತ್ತು ಎಲ್ಲಾ ಸೇರಿ ಐವತ್ತು ಚಿಲ್ಲರೇಲೇ ಮುಗೀತು. ಎಷ್ಟು ಚೆನ್ನಾಗಿದೆ ಅನ್ನಿಸ್ತು. ಆ ಅನ್ನಿಸಿದ್ದೇ ಆಮೇಲೆ ಅವಳನ್ನ ತಿಂದಿದ್ದು. ನಾಚಿಕೆ ಆಗಲಿಲ್ಲ, ಭಯ ಆಗಲಿಲ್ಲ, ಮೊದಲು ಅನ್ನಿಸಿದ್ದು ಚೆನ್ನಾಗಿದೆ ಅಂತ. ನೋವು ಅವನದು, ಸಾಲು ಇವಳದು.

ಅದನ್ನೇ ಒಂದು ಫೋಟೋ ಜೊತೆ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ಲು, ಸಂಜೆಯೊಳಗೆ ನಾನೂರು ಜನ ಅದಕ್ಕೆ ಹೃದಯದ ಚಿತ್ರ ಒತ್ತಿದ್ರು. ಮೇಡಂ 'ಕಣ್ಣು ತುಂಬಿ ಬಂತು' ಅಂತ ಬರೆದ್ರು. ಮಾರನೇ ದಿನ ಅಳಿಸ್ಬೇಕು ಅಂತ ಫೋನು ತೆಗೆದ್ಲು, ಆರುನೂರಾಗಿತ್ತು. ಇನ್ನೊಂದು ಸಲ ತೆಗೆದ್ಲು, ಸೀಟಿನ ಅರ್ಜಿಯೋರು ಫಲಿತಾಂಶ ಬರೋವರೆಗೂ ಪ್ರೊಫೈಲು ಬದಲಾಯಿಸಬಾರದು ಅಂತ ಹೇಳಿದ್ದು ನೆನಪಾಯ್ತು, ಎದೆ ಹಗುರಾಯ್ತು. ತನ್ನ ಕೈ ಕಟ್ಟಿರೋ ಹಗ್ಗ ಸಿಕ್ಕಿದ್ದಕ್ಕೆ ಖುಷಿ ಪಟ್ಟ ಕಳ್ಳನ ಹಾಗೆ. ಅಪ್ಪ ಅದನ್ನೆಲ್ಲಿ ಓದ್ತಾನೆ, ಓದೋಕಾದ್ರೆ ಅಲ್ವಾ? ಹಾಗಂದುಕೊಂಡಳು. ಅಂದುಕೊಂಡ ಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದ್ಲು, ಮತ್ತೆ ತೊಳೆದ್ಲು. ನೀರಿನ ಸದ್ದು ನನಗೆ ಕೇಳಿಸ್ತಿತ್ತು. ಈ ಹುಡುಗಿ ಚರ್ಮ ಸುಲ್ಕೊಂಡು ಬಿಡ್ತಾಳೇನೋ ಅಂದ್ಕೊಂಡೆ.

ಊರು ಬದಲಾಯ್ತು. ಔಷಧಿ ಅಂಗಡಿಯವನು ಅಪ್ಪ ಕೇಳದಿದ್ರೂ ಡಬ್ಬಿ ಮೇಲಿನದನ್ನ ಓದಿ ಹೇಳೋಕೆ ಶುರುಮಾಡಿದ. ಟೀ ಅಂಗಡಿಯವನು ಕಿವುಡನ ಹತ್ರ ಮಾತಾಡೋ ಹಾಗೆ ಜೋರಾಗಿ, ನಿಧಾನಕ್ಕೆ ಮಾತಾಡ್ತಾನೆ. ಹಲ್ಲಿನ ಡಾಕ್ಟ್ರು ಬೆನ್ನು ತಟ್ಟಿದ್ರಂತೆ. ಒಂದು ಸಂಜೆ ಅಪ್ಪ ಬಣ್ಣ ಬಿಡಿಸೋ ಟರ್ಪೆಂಟೈನಲ್ಲಿ ಕೈ ಉಜ್ಜಿಕೊಳ್ತಾ ಹೊಸ್ತಿಲ ಮೇಲೆ ಕೂತು, ಗೋಡೆ ಈಚೆ ನನಗೂ ಕೇಳೋ ಹಾಗೆ ಅಂದ, "ಏನಾಗಿದೆಯೇ ಈ ಊರಿಗೆ? ಜನ ಇದ್ದಕ್ಕಿದ್ದಂಗೆ ಒಳ್ಳೆಯೋರಾಗಿಬಿಟ್ಟಿದಾರೆ!" ಅವಳಮ್ಮ ಒಳಗಿಂದ, "ನಿಮಗೆ ಸಾಯೋ ಕಾಲ ಬಂದಿರ್ಬೇಕು, ನೋಡ್ಕೊಳಿ" ಅಂದ್ಲು. ಅಪ್ಪ ನಕ್ಕ. ನಾನೂ ಈಚೆ ನಕ್ಕೆ. ಹುಡುಗಿ ಪಾತ್ರೆ ಉಜ್ಜೋದನ್ನ ನಿಲ್ಲಿಸಿಬಿಟ್ಟಿದ್ಲು. ಫೋನಿರೋರಿಗೆಲ್ಲ ಗೊತ್ತು. ಇಡೀ ಊರಿಗೆ ಗೊತ್ತಿರೋದು ಅವನೊಬ್ಬನಿಗೇ ಗೊತ್ತಿಲ್ಲ, ಯಾಕಂದ್ರೆ ಅದನ್ನ ಓದ್ಬೇಕು.

ಸೀಟು ಅವಳಿಗೇ ಬಂತು. ಬರದೇ ಏನು, ಆನೆ ಮಾರಿ ಅಂಕುಶ ಕೊಳ್ಳೋಕೆ ಹೊರಟೋಳಿಗೆ! ಪ್ರಿನ್ಸಿಪಾಲರ ಕೋಣೇಲಿ ಅವಳನ್ನ ಕುರ್ಚಿ ಮೇಲೆ ಕೂರಿಸಿ ಬಿಸ್ಕತ್ತು ಕೊಟ್ರು. ಈ ಮಾತನ್ನ ಮೆಟ್ಟಿಲ ಗೋಡೆ ಮೇಲೆ ಬರೆಸೋಣ ಅಂದ್ರು ಪ್ರಿನ್ಸಿಪಾಲರು, ಮುಂದಿನ ಮಕ್ಕಳಿಗೆ ಮಾದರಿ. ಮೇಡಂ ಮುಖ ಅರಳ್ತು. "ಸರ್, ಬೇರೆ ಯಾರೋ ಯಾಕೆ? ಅವರಪ್ಪನ ಕೈಲೇ ಬರೆಸೋಣ. ಯೋಚಿಸಿ, ಎಂಥಾ ಚಿತ್ರ!" ಆಮೇಲೆ ಅವಳ ಕಡೆ ತಿರುಗಿ, "ಅಪ್ಪಂಗೆ ಗೊತ್ತು ತಾನೆ, ನೀನು ಬರೆದಿರೋದು?" ಬಿಸ್ಕತ್ತು ಬಾಯಲ್ಲಿತ್ತು. ಇಲ್ಲ ಮೇಡಂ, ಬೇಡ ಮೇಡಂ ಅನ್ನೋಕೆ ಅಗಿದು ನುಂಗೋವಷ್ಟು ಹೊತ್ತು ಬೇಕಿತ್ತು. ತಲೆ ಆಡಿಸಿಬಿಟ್ಲು. ಹೂಂ ಅಂತ. ಒಂದು ಬಿಸ್ಕತ್ತು ನುಂಗೋಷ್ಟರಲ್ಲಿ ಅಪ್ಪನ್ನ ನುಂಗಿದೆ ಅಂತ ಆಮೇಲೆ ನನ್ನ ಮೆಟ್ಟಿಲ ಮೇಲೆ ಹೇಳಿದ್ಲು. ನಾನು ನಗಲಿಲ್ಲ. ನಾನು ನಗದೇ ಇದ್ದದ್ದು ಈ ಎಪ್ಪತ್ತು ವರ್ಷದಲ್ಲಿ ಎರಡೇ ಸಲ, ಮೊದಲನೇದು ನಮ್ಮ ಯಜಮಾನ್ರು ಹೋದ ದಿನ.

ದೊಡ್ಡ ಹಾಳೆ ಮೇಲೆ ಅಕ್ಷರ ಗೀಚಿ ಕೊಟ್ಟೋಳೂ ಅವಳೇ. ಯಾವಾಗಲೂ ಅವಳೇ ಅಲ್ವಾ ಕೊಡೋದು. ಹಿಂದಿನ ದಿನ ಅಪ್ಪ ಹಾಳೇನ ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಬಣ್ಣದ ಡಬ್ಬಿ ಇಟ್ಟು, ಸೂಜಿ ಹಿಡಿದು ಕೂತ. "ಏನಮ್ಮ ಇದು ಮಾತು?" ಅಂದ. "ಏನೋ ಕಾಲೇಜಿಂದು ಅಪ್ಪ. ನೀತಿ ಮಾತು." "ನೀತಿ ಇರಲಿ, ಇರಲಿ" ಅಂದು ಚುಚ್ಚೋಕೆ ಶುರುಮಾಡಿದ. ಟಿಕ್, ಟಿಕ್, ಟಿಕ್. ಅವಳು ಪಕ್ಕದಲ್ಲೇ ಪುಸ್ತಕ ಹಿಡ್ಕೊಂಡಿದ್ಲು. ಅವನು 'ಒಂದನ್ನೂ' ಚುಚ್ಚಿದ, 'ಓದಲಾರ' ಚುಚ್ಚಿದ, ಸುತ್ತು ತಪ್ಪದ ಹಾಗೆ, ನಾಲಿಗೆ ತುದಿ ಹಲ್ಲಲ್ಲಿ ಕಚ್ಕೊಂಡು. ಒಂದು ಕಡೆ ಮಾತ್ರ ಸೂಜಿ ನಿಂತ ಹಾಗಾಯ್ತು. ಅವನು ಮತ್ತೆ ಮೇಲಿನ ಸಾಲಿಗೆ ಹೋಗಿ, ಮೊದಲನೇ ಪದದ ಮೇಲೆ ಬೆರಳಾಡಿಸಿ ಮುಂದೆ ಹೋದ. ಬೆವರು ಒರೆಸ್ಕೊಂಡಿರ್ಬೇಕು ಅಂದ್ಕೊಂಡ್ಲು.

ಈಗ ಕಂಬಿ ಹಿಡ್ಕೊಂಡು ನಿಂತೋಳಿಗೆ ಕೆಳಗೆ ಅಪ್ಪ ಕಪ್ಪು ಕುಂಚ ತೊಳೆದು ಇಟ್ಟಿದ್ದು ಕಾಣಿಸ್ತು. ಮೂರೂ ಸಾಲು ಮುಗಿದಿತ್ತು. ಸರಿ, ಇಳೀತಾನೆ ಅಂದ್ಕೊಂಡ್ರೆ ಇಳೀಲಿಲ್ಲ. ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದ. ಕೆಂಪು. ಕೆಂಪು ಬೇಕು ಅಂತ ಯಾರೂ ಹೇಳಿರಲಿಲ್ಲ. ಏಣಿ ಜರುಗಿಸಿ, ಮತ್ತೆ ಮೇಲೆ ಹತ್ತಿ, ಮೊದಲನೇ ಪದದ ಬೆನ್ನಿಗೆ ನೆರಳು ಕೊಡೋಕೆ ಶುರುಮಾಡಿದ. ಅಂಗಡಿ ಹೆಸರಿಗೆ ಮಾತ್ರ ಕೊಡೋ ನೆರಳು, ಅಕ್ಷರ ಗೋಡೆ ಬಿಟ್ಟು ಎದ್ದು ಬಂದ ಹಾಗೆ ಕಾಣ್ಲಿ ಅಂತ. ಆ ಪದ 'ಅಪ್ಪ'. ಹುಡುಗಿ ಕಂಬಿ ಬಿಟ್ಟು ಮೆಟ್ಟಿಲ ಕಡೆ ತಿರುಗಿದ್ಲು. ಆರು ವರ್ಷದೋಳಿದ್ದಾಗ ಅವಳೇ ಕಲಿಸಿದ್ದು. ಸ್ಲೇಟಿನ ಮೇಲೆ ಬರೆದು, ಅವನ ಬೆರಳು ಹಿಡಿದು ತಿದ್ದಿಸಿ, 'ಇದು ನೀನು' ಅಂದಿದ್ಲು. ಜಗತ್ತಿನ ಅಷ್ಟೂ ಪದಗಳಲ್ಲಿ ಅವನಿಗೆ ಗುರುತು ಸಿಗೋದು ಅದೊಂದೇ. ಅವಳು ಮರೆತಿದ್ಲು, ಅವನು ಮರೆತಿರಲಿಲ್ಲ. ಅಂದ್ರೆ ನಿನ್ನೆ ಸೂಜಿ ನಿಂತಿದ್ದು ಬೆವರಿಗಲ್ಲ. ಅಂದ್ರೆ ನಿನ್ನೆಯಿಂದ ಅವನು ಆ ಒಂದು ಪದ ಇಟ್ಕೊಂಡು, ಅದರ ಮುಂದೆ ತನಗೆ ಬೇಕಾದ ಮಾತೆಲ್ಲ ತಾನೇ ಕಟ್ಕೊಂಡಿದಾನೆ. ಮಗಳು ಗೆದ್ದಿದಾಳೆ, ಕಾಲೇಜಿನ ಗೋಡೆ ಮೇಲೆ ತನ್ನ ಬಗ್ಗೆ ಏನೋ ಒಳ್ಳೇದು ಬರೆಸಿದಾಳೆ, ನಾಚಿಕೆಗೆ ಹೇಳ್ತಿಲ್ಲ, ಇರಲಿ, ಓದುವಾಗ ಕೇಳೋಣ.

ಕೆಳಗೆ ಇಳಿದು ಹೋಗೋದೋ, ಹಿಂದಿನ ಬಾಗಿಲಿಂದ ಓಡಿ ಹೋಗೋದೋ ಅಂತ ಅವಳು ಇನ್ನೂ ಯೋಚಿಸ್ತಿದ್ಲು, ಕಾಲು ಮೆಟ್ಟಿಲು ಇಳೀತಿತ್ತು. ಅಷ್ಟೊತ್ತಿಗೆ ಗೋಡೆ ಮುಂದೆ ಜನ ಸೇರಿದ್ರು. ಪ್ರಿನ್ಸಿಪಾಲರು, ಮೇಡಂ, ಉಳಿದ ಇಪ್ಪತ್ತಾರು ಕನಸುಗಾರರು, ಎಲ್ಲರ ಕೈಲೂ ಫೋನು ಮೇಲಕ್ಕೆ. ಎಲ್ಲರಿಗೂ ಗೋಡೆ ಓದೋಕೆ ಬರುತ್ತೆ, ಆದ್ರೆ ಯಾರೂ ಗೋಡೆ ನೋಡ್ತಿಲ್ಲ, ಅವನ ಮುಖ ನೋಡ್ತಿದಾರೆ. ಅಪ್ಪ ಕೈ ಒರೆಸ್ಕೊಂಡು, ಅಂಗಿ ತೋಳು ಇಳಿಸಿ ಗುಂಡಿ ಹಾಕ್ಕೊಂಡು, ಜನರ ನಡುವೆ ದಾರಿ ಮಾಡ್ಕೊಂಡು, ಎದುರು ಗೋಡೆ ಹತ್ರ ಬಂದು ನಿಂತಿದ್ದ ಅವಳ ಪಕ್ಕ ನಿಂತ. ಹದಿಮೂರು ವರ್ಷ ನಿಂತ ಹಾಗೇ, ಅವಳ ಬಲಕ್ಕೆ, ಒಂದು ಮೊಳ ಬಿಟ್ಟು. ಟರ್ಪೆಂಟೈನ್ ವಾಸನೆ. ಅವನ ಕಣ್ಣಲ್ಲಿ, ಅವಳು ಹೇಳಿದ್ದು ಇದು, ಹೊಸ ಬಟ್ಟೆಯ ಪೊಟ್ಟಣ ಬಿಚ್ಚೋ ಮಗುವಿನ ಕಣ್ಣಲ್ಲಿರುತ್ತಲ್ಲ, ಅಂಥದ್ದು. ಮೇಡಂ ಪಿಸುಗುಟ್ಟಿದ್ರು, "ಸೈಲೆನ್ಸ್, ರೆಕಾರ್ಡ್ ಆಗ್ತಿದೆ." ಇಷ್ಟು ಜನರ ಮುಂದೆ ಗುಟ್ಟು ಬಿಟ್ಟುಕೊಡಬಾರದು ಅಂತ ಅಪ್ಪ ಯಾವಾಗಲೂ ಹೇಳೋ ಸುಳ್ಳನ್ನ ಜೋರಾಗಿ ಹೇಳಿದ, "ಕನ್ನಡಕ ಮನೇಲೇ ಉಳೀತು ಕಣಮ್ಮ." ಯಾರೂ ನಗಲಿಲ್ಲ. ಯಾರೋ ಒಬ್ಬಳು ಮೂಗು ಸೀಟಿದ್ಲು. ಅವನು ಒಂದು ಸಲ ಸುತ್ತ ನೋಡಿದ. ಆಮೇಲೆ ಅವಳ ಕಡೆ ಬಾಗಿ ಮೆಲ್ಲಗೆ, "ಓದಮ್ಮ" ಅಂದ.

ಹುಡುಗಿ ಬಾಯಿ ತೆರೆದ್ಲು. ಓದಿದ್ಲು. ಗಟ್ಟಿಯಾಗಿ, ಮೂರು ಸಾಲು.

ಏನು ಓದಿದ್ಲು ಅಂತ ನನ್ನ ಕೇಳ್ಬೇಡಿ. ಮೆಟ್ಟಿಲ ಮೇಲೆ ಕೂತು ಇಲ್ಲೀವರೆಗೂ ಹೇಳಿದೋಳು ಇಲ್ಲಿಗೆ ಬಂದಾಗ ಎದ್ದು ಹೋಗಿಬಿಟ್ಲು. ಗೋಡೆ ಮೇಲೆ ಇದ್ದಿದ್ದನ್ನೇ ಓದಿದಳೋ, ಅವನು ಕಟ್ಕೊಂಡು ಬಂದಿದ್ದನ್ನ ಓದಿದಳೋ. ಅದನ್ನೇ ಓದಿದ್ರೆ ಅವನ ಮುಖ ಏನಾಯ್ತು. ಸುಳ್ಳು ಓದಿದ್ರೆ ಅಷ್ಟು ಜನ ಓದು ಬರೋರ ಮುಖ ಏನಾಯ್ತು, ಆ ಮುಖಗಳನ್ನ ಅವನು ಓದಲಿಲ್ವಾ? ಅಕ್ಷರ ಬರದೇ ಇರೋನಿಗೆ ಮುಖ ಚೆನ್ನಾಗಿ ಬರುತ್ತೆ ಕಣ್ರೀ. ನನಗೆ ಗೊತ್ತಿರೋದು ಇಷ್ಟೇ: ಮಾರನೇ ವಾರ ಹುಡುಗಿ ದೂರದ ಆ ಕಾಲೇಜಿಗೆ ಹೊರಟಾಗ ಅವನು ಬಸ್ಸಿನ ತನಕ ಹೋಗಿ ಪೆಟ್ಟಿಗೆ ಮೇಲೇರಿಸಿ ಬಂದ, ಅದಕ್ಕೇನೂ ಕಮ್ಮಿ ಮಾಡಲಿಲ್ಲ. ಆದ್ರೆ ಅವಳು ಹೊರಡೋಕೆ ಎರಡು ದಿನ ಮುಂಚೆ, ಅವಳಿನ್ನೂ ಮನೇಲಿ ಇರೋವಾಗಲೇ, ಹಸಿ ಬಣ್ಣದ ಒಂದು ಬೋರ್ಡು ಹೊತ್ಕೊಂಡು ನಮ್ಮ ಬಾಗಿಲಿಗೆ ಬಂದು ನಿಂತ. "ಅಜ್ಜಿ, ಇದನ್ನ ಸ್ವಲ್ಪ ಓದ್ತೀರಾ? ನನಗೆ ಓದೋಕೆ ಬರಲ್ಲ" ಅಂದ. ಬೀದಿಗೆಲ್ಲ ಕೇಳೋ ಹಾಗೆ, ಗಟ್ಟಿಯಾಗಿ. ಗೋಡೆ ಆಚೆ ಪಾತ್ರೆ ಉಜ್ಜೋ ಸದ್ದು ನಿಂತು ಹೋಯ್ತು. ನಾನು ಎರಡು ಸಲದ ಮೂರನೇ ಕ್ಲಾಸನ್ನೆಲ್ಲ ಒಟ್ಟುಗೂಡಿಸಿ ಓದಿದೆ, ಎರಡು ಕಡೆ ತಪ್ಪಿದೆ ಕೂಡ. ಅವನು ಸರಿ ಅಂದ.

ಈಗ ನೀವು ಹೇಳಿ. ಇಷ್ಟು ಓದು ಕಲಿತಿದೀರಿ, ಕೂತು ಇಷ್ಟೊತ್ತು ಕೇಳಿದೀರಿ. ಏನು ಓದಿರ್ತಾಳೆ ಅವಳು?